ಮೂವರಿಗೆ ಎರಡು ಸೀಟು

ಮದುವೆಯಾಗಿ ಜತ್ತಕ್ಕೆ ಬಂದ ಎರಡನೆಯ ವರ್ಷ, ನನ್ನನ್ನೂ ಕೇಳದೆ, ತಮ್ಮ ತಾಯಿಯನ್ನೂ ಕೇಳದೆ, ನನ್ನ ಗಂಡ ಒಂದು ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಸಂಸ್ಥಾನ ಹೋಗಿ ತಾಲೂಕಾಗಿ ಮೂರು ನಾಲ್ಕು ವರ್ಷ ಕಳೆದಿತ್ತು. ಊರಿಗೆ ಮೋಟಾರು ಹೊಸದೇನಲ್ಲ. ಆದರೆ ಇಂಥದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಸೊಂಟದೆತ್ತರದ ಗಾಡಿ, ಉದ್ದ ಮೂತಿ, ಹಣ್ಣು ಮೆಣಸಿನಕಾಯಿ ಬಣ್ಣ. ಮೇಲೆ ತಗಡಿಲ್ಲ, ಬೇಕಾದಾಗ ಎಳೆದುಕೊಳ್ಳಲು, ಬೇಡವಾದಾಗ ಹಿಂದಕ್ಕೆ ಮಡಚಲು ಒಂದು ಬಟ್ಟೆಯ ಟಾಪು. ವರ್ಗವಾಗಿ ಹೊರಟಿದ್ದ ಒಬ್ಬ ಇಂಜಿನಿಯರು ಅದನ್ನು ಇವರಿಗೆ ದಾಟಿಸಿ ನಗುನಗುತ್ತಾ ರೈಲು ಹತ್ತಿದ್ದರಂತೆ. ಆ ನಗುವಿನ ಅರ್ಥ ನಮಗೆ ತಿಳಿಯಲು ವಾರ ಹಿಡಿಯಿತು.

ಅತ್ತೆ ಹೊರಗೆ ಬಂದು, ಸೆರಗು ಸರಿಮಾಡಿಕೊಂಡು, ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಯಾಡ ಸೀಟ ಅದಾವಲ್ಲೋ. ಮೂರನೇದವರು ಎಲ್ಲಿ ಕುಂದ್ರಬೇಕು?"

"ಇದು ಯಾಡ ಮಂದಿ ಗಾಡಿನ ಅವ್ವಾ. ಸ್ಪೋರ್ಟ್ಸ್ ಕಾರು."

ಮನೆಯಲ್ಲಿ ಇದ್ದವರು ನಾವು ಮೂವರೇ. ಶೇಂಗಾ ಮತ್ತು ಕುಸುಬಿ ಎಣ್ಣೆಯ ವ್ಯಾಪಾರ ಮಾಡುವ ಗಂಡ, ಅವರನ್ನು ಒಬ್ಬರೇ ಬೆಳೆಸಿದ ಅತ್ತೆ, ನಾನು. ಅತ್ತೆ ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಾಗಿಲು ತೆಗೆದು, ಒಳಗಿಳಿದು, ಎಡಗಡೆಯ ಸೀಟಿನಲ್ಲಿ ಕುಳಿತುಬಿಟ್ಟರು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಎರಡೂ ಕೈ. ಗಂಡ ನನ್ನ ಕಡೆ ನೋಡಿದರು. ನಾನು ಬಾಗಿಲ ಚೌಕಟ್ಟನ್ನು ನೋಡಿದೆ. ಅಲ್ಲಿಗೆ ಸೀಟಿನ ವಿಚಾರ ತೀರ್ಮಾನವಾಯಿತು.

ಮುಂದಿನ ತಿಂಗಳುಗಳಲ್ಲಿ ಅವರಿಬ್ಬರೂ ಕಾರಿನಲ್ಲಿ ಹೋಗುವುದು, ನಾನು ಬಸ್ಸಿನಲ್ಲಿ ಹೋಗುವುದು ರೂಢಿಯಾಯಿತು. ಡಫಳಾಪುರದಲ್ಲಿ ಅತ್ತೆಯ ತಂಗಿ ಇದ್ದರು. ಅಲ್ಲಿಗೆ ಹೊರಟರೆ ಕಾರು ನನ್ನ ಬಸ್ಸಿಗಿಂತ ಮೊದಲು ಹೊರಡುತ್ತಿತ್ತು, ಆಮೇಲೆ ಮುಟ್ಟುತ್ತಿತ್ತು. ಜಾಲಿ ಮುಳ್ಳಿಗೆ ಆ ಗಾಲಿಗಳ ಮೇಲೆ ಅದೇನು ಪ್ರೀತಿಯೋ! ನಡುದಾರಿಯಲ್ಲಿ ಗಂಡ ಕೋಟು ಬಿಚ್ಚಿ, ಗಾಲಿಯ ಪಕ್ಕ ಮೊಣಕಾಲೂರಿ ಕುಳಿತಿರುತ್ತಿದ್ದರು. ಅತ್ತೆ ಮಾತ್ರ ಸೀಟು ಬಿಟ್ಟು ಇಳಿಯದೆ ನೆಟ್ಟಗೆ ಕುಳಿತಿರುತ್ತಿದ್ದರು. ನಾನು ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಿದ್ದೆ. ಗೌರವದಿಂದಲೇ ಬೀಸುತ್ತಿದ್ದೆ, ಆದರೆ ಸ್ವಲ್ಪ ಹೆಚ್ಚು ಹೊತ್ತು.

ತೆರೆದ ಗಾಡಿಯ ಕಾಟ ಒಂದೆರಡಲ್ಲ. ಪೇಟೆಯಲ್ಲಿ ನಿಲ್ಲಿಸಿದರೆ ಹೋಗಿಬರುವವರೆಲ್ಲ ಅದರ ಅಂಚಿಗೆ ಮೊಣಕೈ ಊರಿ ಮಾತಿಗೆ ನಿಲ್ಲುತ್ತಿದ್ದರು. "ಡಫಳಾಪುರಕ್ಕ ಹೊಂಟೀರೇನ್ರಿ? ಇದೊಂದು ಗಂಟು ನಮ್ಮ ಅಕ್ಕಗ ಮುಟ್ಟಸ್ರಿ" ಎಂದು ಒಳಗೆ ಇಟ್ಟೇ ಬಿಡುತ್ತಿದ್ದರು. ಮುಚ್ಚಿದ ಗಾಡಿಯಾದರೆ ಗಾಜು ಏರಿಸಿಕೊಳ್ಳಬಹುದು. ಇದರಲ್ಲಿ ಏನನ್ನು ಏರಿಸುವುದು? ಒಮ್ಮೆ ಇವರು ಕಚೇರಿಯೊಳಗೆ ಹೋಗಿ ಬರುವಷ್ಟರಲ್ಲಿ ಒಂದು ಆಡು ಚಾಲಕನ ಸೀಟಿಗೆ ಹಾರಿ, ಚರ್ಮದ ಹೊದಿಕೆಯನ್ನು ಒಂದು ಕಡೆಯಿಂದ ತಿನ್ನಲು ಹಿಡಿದಿತ್ತು. ಊರು ಮುಟ್ಟಿ ಇಳಿದಾಗ ಅತ್ತೆಯ ವಿಭೂತಿ ಎಲ್ಲಿ ಮುಗಿಯಿತು, ದಾರಿಯ ಧೂಳು ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಟಾಪಿನ ಬಟ್ಟೆ ಮೊದಲ ಬೇಸಗೆಗೇ ಹಪ್ಪಳದಂತೆ ಮುರಿಯಿತು. ಮುಂಬಯಿಯಿಂದ ತರಿಸಬೇಕೆಂದರು, ತರಿಸಲಿಲ್ಲ. ಕೊನೆಗೆ ಪೇಟೆಯ ದರ್ಜಿ ಎರಡು ಕರಿ ಕಂಬಳಿ ಕೂಡಿಸಿ ಹೊಲಿದುಕೊಟ್ಟ. ಬಿಸಿಲಿಗೆ ಚಲೋ ಆಯಿತು. ಆದರೆ ಮೊದಲ ತುಂತುರಿಗೇ ಅದು ನೀರು ಕುಡಿದು ಭಾರವಾಗಿ, ಇಬ್ಬರ ತಲೆಯ ಮೇಲೂ ಇಳಿದು ಕುಳಿತಿತು. ಗಾಡಿಯ ತುಂಬ ಕುರಿಹಟ್ಟಿಯ ವಾಸನೆ. ಆ ದಿನ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಸರಿಯಲೇ ಇಲ್ಲವಂತೆ. ಗಂಡ ಹಾರ್ನು ಒತ್ತಿ ಒತ್ತಿ ಸಾಕಾಗಿ ಕೂಗಾಡಿದರೆ, ಕುರಿ ಕಾಯುವ ಅಜ್ಜ ಕೋಲಿಗೆ ಗದ್ದ ಊರಿ, "ಅವುಗಳ್ದು ತಪ್ಪಿಲ್ರಿ ಸಾಹೇಬ್ರ. ವಾಸನಿ ನೋಡಿ ತಮ್ಮ ಪೈಕಿ ಅಂತ ತಿಳ್ಕೊಂಡಾವು" ಎಂದನಂತೆ. ಮನೆಗೆ ಬಂದು ಇದನ್ನು ಹೇಳಿದವರು ಅತ್ತೆ. ಹೇಳುತ್ತಾ ನಕ್ಕರು. ಅವರು ನನ್ನ ಎದುರಿಗೆ ನಕ್ಕಿದ್ದು ಅದೇ ಮೊದಲು.

ಎಲ್ಲಕ್ಕಿಂತ ದೊಡ್ಡ ರಗಳೆ ಅದು ತಾನಾಗಿ ಚಾಲೂ ಆಗದಿರುವುದು. ಮುಂದಿನ ಹ್ಯಾಂಡಲು ತಿರುಗಿಸಿದರೆ ಒದೆಯುತ್ತಿತ್ತು. ಒಮ್ಮೆ ಇವರ ಮಣಿಕಟ್ಟು ಊದಿಸಿತ್ತು. ಹೀಗಾಗಿ ಇಳಿಜಾರು ಇದ್ದಲ್ಲಿ ಮಾತ್ರ ನಿಲ್ಲಿಸುವುದು. ಸಪಾಟು ಜಾಗದಲ್ಲಿ ಮನೆ ಕಟ್ಟಿಕೊಂಡ ನೆಂಟರ ಕಡೆ ಹೋಗುವುದನ್ನೇ ನಾವು ಬಿಟ್ಟೆವು. ನಮ್ಮ ಮನೆಯ ಮುಂದೆಯೂ ಸಪಾಟೇ. ಅಲ್ಲಿ ದೂಡಲೇಬೇಕು. ದೂಡಲು ಇವರು ಬೇಕು, ಅತ್ತೆ ಇಳಿಯುವುದಿಲ್ಲ, ಸ್ಟೇರಿಂಗಿಗೆ ಒಬ್ಬರು ಬೇಕು. ಉಳಿದವಳು ನಾನು.

"ಗೇರು ನಾ ಹಾಕಿರತೀನಿ. ಎಡಗಾಲು ಒತ್ತಿ ಹಿಡಿ. ನಾ 'ಬಿಡು' ಅಂದ ಕೂಡಲೇ ಬಿಡು. ಚಾಲೂ ಆದ ಮ್ಯಾಲ ಮತ್ತ ಒತ್ತಿ, ನಡುವಿನ ಬ್ರೇಕ್ ಹಾಕಿ ನಿಲ್ಲಸು. ಮತ್ತೇನೂ ಮುಟ್ಟಬ್ಯಾಡ."

ಮನೆಯೊಳಗೆ ಅತ್ತೆ ಕುಳಿತ ಜಾಗದಲ್ಲಿ ನಾನು ಕೂರುವುದಿರಲಿ, ನಿಂತು ಮಾತಾಡುವುದೂ ಕಡಿಮೆ. ಆದರೆ ಈ ದೂಡುವ ಹೊತ್ತಿನಲ್ಲಿ ಇಬ್ಬರೂ ಪಕ್ಕಪಕ್ಕ, ಭುಜಕ್ಕೆ ಭುಜ. ಹಿಂದೆ ಇವರು ಏದುಸಿರು ಬಿಡುತ್ತಿರುವಾಗ ಅತ್ತೆ ಮೆಲ್ಲಗೆ, "ಇವತ್ತ ಪಲ್ಯಾಕ ಏನ ಮಾಡೀದಿ?" ಎನ್ನುತ್ತಿದ್ದರು. ನಾನು, "ಬದನಿಕಾಯಿ" ಎನ್ನುತ್ತಿದ್ದೆ. "ಬಿಡು!" ಎಂದು ಹಿಂದಿನಿಂದ ಕೂಗು. ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ನನ್ನ ತವರು ಬಿಳೂರು. ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಆ ದಿನವೂ ಅದೇ ಏರ್ಪಾಟು: ಅವರಿಬ್ಬರೂ ಕಾರಿನಲ್ಲಿ, ನಾನು ಬಸ್ಸಿನಲ್ಲಿ. ನನ್ನ ತವರಿಗೆ ಅವರು ಕಾರಿನಲ್ಲಿ! ಬೆಳಗಿನಿಂದ ಪಾತ್ರೆಗಳೇ ನನ್ನ ಪರವಾಗಿ ಸಾಕಷ್ಟು ಮಾತಾಡಿದ್ದವು. ಮಗುವಿಗೆ ಹೊಲಿಸಿದ ಕುಂಚಿಗೆ, ಬುತ್ತಿಯ ಗಂಟು ಎಲ್ಲ ಅತ್ತೆಯ ತೊಡೆಯ ಮೇಲೆ. ನಾನು ಸ್ಟೇರಿಂಗಿಗೆ ಕುಳಿತೆ. ಇವರು ದೂಡಿದರು. "ಬಿಡು!" ಎಂದರು. ಬಿಟ್ಟೆ. ಗಾಡಿ ಒಮ್ಮೆ ಕೆಮ್ಮಿ, ಗುರ್ ಎಂದು ಚಾಲೂ ಆಯಿತು.

ಕಾಲು ಬ್ರೇಕಿನ ಕಡೆ ಸರಿಯಿತು. ಆಗ ಅತ್ತೆ ನನ್ನ ಮೊಣಕೈ ಹಿಡಿದರು.

"ನಿಲ್ಲಸಬ್ಯಾಡ. ನಿಲ್ಲಿಸಿದರ ಮತ್ತ ಬಂದ್ ಬೀಳತೈತಿ."

"ಅವರು?"

"ಅವನಿಗೆ ಬಸ್ಸಿನ ಹಾದಿ ಗೊತ್ತೈತಿ. ಹೊಡಿ."

ನಾನು ಅವರ ಮುಖ ನೋಡಿದೆ. ನಗುತ್ತಿರಲಿಲ್ಲ, ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಹೊಡೆದೆ. ಹಿಂದೆ ಇವರು "ಏ! ಏ! ಬ್ರೇಕ್!" ಎಂದು ಓಡಿ ಬರುವುದು ಕೇಳಿಸಿತು. ಪೇಟೆಯ ತಿರುವಿನಲ್ಲಿ ತಕ್ಕಡಿ ಹಿಡಿದವನ ಕೈ ಗಾಳಿಯಲ್ಲೇ ನಿಂತಿತು. ಚಹಾದ ಅಂಗಡಿಯ ಮುಂದಿನ ಬೆಂಚಿನವರು ಒಟ್ಟಿಗೆ ಎದ್ದರು. ಯಾರೋ ಮರಾಠಿಯಲ್ಲಿ ದೇವರನ್ನು ಕರೆದರು. ಗೇರು ಬದಲಿಸಲು ನನಗೆ ಬರುತ್ತಿರಲಿಲ್ಲ, ಆದ್ದರಿಂದ ಬಿಳೂರಿನವರೆಗೂ ಒಂದೇ ಗೇರು, ಒಂದೇ ಗದ್ದಲ. ಊರು ದಾಟಿದ ಮೇಲೆ ಜೀವಮಾನದಲ್ಲಿ ಎಂದೂ ಆಗದಷ್ಟು ಖುಷಿಯಾಯಿತು. ಕದ್ದದ್ದರ ಖುಷಿ, ಸುಳ್ಳೇಕೆ ಹೇಳಲಿ.

ಜೋಳದ ಹೊಲಗಳ ನಡುವೆ ಅತ್ತೆ ಬಾಯಿ ತೆರೆದರು. ಗಾಳಿಗೆ ಕೂಗಿಯೇ ಹೇಳಬೇಕಾಯಿತು.

"ಹುಟ್ಟಿದಾಗಿಂದ ಚಕ್ಕಡಿ ಹಿಂದ ಕುಂತು, ಬಿಟ್ಟು ಬಂದ ದಾರಿನ ನೋಡೇನಿ. ಬರೂ ದಾರಿ ಹ್ಯಾಂಗ ಇರತೈತಿ ಅನ್ನೂದು ಈ ಗಾಡಿ ಬಂದ ಮ್ಯಾಲ ಕಂಡೆ. ಅದಕ್ಕ ಸೀಟ ಬಿಡಲಿಲ್ಲ. ನಿನ್ನ ಮ್ಯಾಲಿನ ಸಿಟ್ಟಿಗಲ್ಲ."

ಮುಂದೆ ಒಂದು ಎಮ್ಮೆ ಇತ್ತು, ಅದನ್ನು ನೋಡಿಕೊಂಡೆ.

ತವರುಮನೆಯ ಮುಂದೆ ಬ್ರೇಕೇನೋ ಹಾಕಿದೆ, ಆದರೆ ತಡವಾಗಿ. ಗಾಡಿಯ ಮೂತಿ ದನದ ಕೊಟ್ಟಿಗೆಯ ಗೋಡೆಗೆ ಮೆಲ್ಲಗೆ ತಾಗಿ ನಿಂತಿತು. ಹಿಂದಕ್ಕೆ ತೆಗೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪ, ಅಣ್ಣ, ಓಣಿಯ ನಾಲ್ಕು ಮಂದಿ ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸಿದರು. ಅಪ್ಪ ನನ್ನನ್ನು ನೋಡಿದರು, ನನ್ನ ಪಕ್ಕದ ಬೀಗತಿಯನ್ನು ನೋಡಿದರು. ಬೈಯುವ ಧೈರ್ಯ ಅವರಿಗಾಗಲಿಲ್ಲ. "ಬರ್ರಿ, ಒಳಗ ಬರ್ರಿ, ಕುಂದ್ರಿ" ಎಂದರು.

ಮಗುವಿಗೆ ಹೆಸರಿಟ್ಟು, ಎಲ್ಲರ ಊಟವೂ ಮುಗಿಯುವ ಹೊತ್ತಿಗೆ ಗಂಡ ಬಂದರು. ಬಸ್ಸು ತಪ್ಪಿತ್ತು. ದನದ ಮೇವಿನ ಕಣಿಕಿ ತುಂಬಿದ ಚಕ್ಕಡಿಯ ತುದಿಯಲ್ಲಿ, ಶುಭಕಾರ್ಯದ ಕೋಟು ತೊಟ್ಟು, ತಲೆಯ ತುಂಬ ಜೋಳದ ಒಣ ಎಲೆಯ ರವದಿ ಸಿಕ್ಕಿಸಿಕೊಂಡು, ಊರಿಗೆಲ್ಲ ಕಾಣುವಷ್ಟು ಎತ್ತರದಲ್ಲಿ ಕುಳಿತು ಬಂದರು. ಇಳಿದವರು ನೇರ ನನ್ನ ಮುಂದೆ ಬಂದು ನಿಂತರು.

"ಯಾವ ಗೇರಿನ್ಯಾಗ ಬಂದಿ?"

"ನೀವು ಹಾಕಿ ಕೊಟ್ಟಿದ್ದರಾಗ."

"ಅಲ್ಲಿಂದ ಇಲ್ಲೀತನಕಾ?"

ತಲೆಯಾಡಿಸಿದೆ. ಅವರು ಹಣೆ ಹಿಡಿದುಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿದರು. ಅಳುತ್ತಿದ್ದಾರೆಂದುಕೊಂಡೆ. ಭುಜ ಕುಣಿಯುವುದು ಕಂಡ ಮೇಲೆ ನಗುತ್ತಿದ್ದಾರೆಂದು ತಿಳಿಯಿತು. ಒಳಗಿನಿಂದ ಅತ್ತೆ, "ಬಂದೇನೋ? ಹೋಳಿಗಿ ಆರಾಕತ್ತಾವು" ಎಂದರು.

ಸಂಜೆ ಹೊರಡುವಾಗ ಅತ್ತೆ ತಾವು ಎರಡು ದಿನ ಅಲ್ಲೇ ಇರುವುದಾಗಿ, ಮಗುವಿನ ಹೊಟ್ಟೆನೋವಿಗೆ ಔಷಧ ಅರೆದುಕೊಡುವುದಾಗಿ ಹೇಳಿದರು. ಮಗುವಿಗೆ ಹೊಟ್ಟೆನೋವೇ ಇರಲಿಲ್ಲ. ಹೀಗೆ ನಾನು ಗಂಡನ ಪಕ್ಕದ ಸೀಟಿನಲ್ಲಿ ಮೊದಲ ಸಲ ಕುಳಿತೆ. ಆ ದಿನಕ್ಕಾಗಿ ಒಂದು ವರ್ಷ ಕಾದಿದ್ದೆ. ಆದರೆ ಕೈಗೆ ಕೆಲಸವಿಲ್ಲದೆ, ಬಾಯಲ್ಲಿ ಧೂಳು ತುಂಬಿಕೊಂಡು, ಅವರು ಪ್ರತಿ ತಗ್ಗಿಗೂ ಹೆದರಿ ಹೆದರಿ ಓಡಿಸುವುದನ್ನು ನೋಡುತ್ತಾ ನನಗೆ ಭಾಳ ಬೇಸರವಾಯಿತು. ಅರ್ಧ ದಾರಿಗೆ ಬಂದಾಗ ಹೇಳಿಯೇ ಬಿಟ್ಟೆ:

"ಸರೀರಿ ಅತ್ಲಾಗ. ನಾ ಹೊಡೀತೀನಿ."

ಅವರು ಗಾಡಿ ನಿಲ್ಲಿಸಿದರು. ರಸ್ತೆಯ ಹಿಂದೆ ಮುಂದೆ ಯಾರೂ ಇಲ್ಲವೆಂದು ಚೆನ್ನಾಗಿ ನೋಡಿ ಖಾತ್ರಿ ಮಾಡಿಕೊಂಡು, ಇಳಿದು, ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದರು.