ಮೆನುವಿನಲ್ಲಿದ್ದ ಚಿಕ್ಕವಳು

ಗಂಡ ತೀರಿಕೊಂಡ ಮೇಲೆ ಅವಳು ಸ್ಟುಡಿಯೋ ಮುಚ್ಚುತ್ತಾಳೆ ಎಂದೇ ಬೀದಿಯವರೆಲ್ಲ ಅಂದುಕೊಂಡಿದ್ದರು. ಅವಳು ಮುಚ್ಚಲಿಲ್ಲ. ಇಪ್ಪತ್ತೆರಡು ವರ್ಷ ಗಂಡ ಕ್ಯಾಮೆರಾದ ಹಿಂದೆ ನಿಂತರೆ, ಅವಳು ಗಿರಾಕಿಗಳ ಕಾಲರು ಸರಿಮಾಡುತ್ತ, ಅಳುವ ಮಗುವಿನ ಮುಂದೆ ಚಿಟಿಕೆ ಹೊಡೆಯುತ್ತ, ಫೋಟೊ ಕತ್ತರಿಸಿ ಲಕೋಟೆಗೆ ಹಾಕುತ್ತ ಕಳೆದವಳು. ಸುತ್ತಲಿನವರಿಗೆಲ್ಲ ಸ್ಟುಡಿಯೋ ಅಕ್ಕ. ಕೆಲಸ ಕೈಗೆ ಹತ್ತಿತ್ತು, ಕಂಪ್ಯೂಟರೊಂದು ಮಾತ್ರ ಬಗ್ಗಿರಲಿಲ್ಲ.

ಅದು ಓಬೀರಾಯನ ಕಾಲದ್ದು. ಗಂಡ ಏನೇನೋ ಹಾಕಿ ಅದನ್ನು ಬದುಕಿಸಿಟ್ಟಿದ್ದ. ಪರದೆಯ ಮೇಲೆ ಬರೀ ಬೂದು ಬಣ್ಣ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಒಂದು ಮೆನು ಬಿಚ್ಚಿಕೊಳ್ಳುತ್ತಿತ್ತು. ಕಂಪ್ಯೂಟರಿಗೆ ಆಗ ಸಿಕ್ಕಿಸಿರುವ ಫೋಟೊ ಡಿಸ್ಕುಗಳ ಹೆಸರುಗಳು ಅದರಲ್ಲಿ ಬರುತ್ತಿದ್ದವು: ‘ಮದುವೆ ಒಂದು’, ‘ಮದುವೆ ಎರಡು’, ‘ಶಾಲೆ’. ಹೆಸರನ್ನು ಒತ್ತಿದರೆ ಡಿಸ್ಕು ತೆರೆಯುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಕಳಚಿಕೊಳ್ಳುತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಗಂಡ ಹೋಗಿ ಐದು ತಿಂಗಳಾದ ಮೇಲೆ ಹಳೆಯ ಡಿಸ್ಕು ತುಂಬಿ ಹೊಸದೊಂದನ್ನು ತಂದಳು. ಸಿಕ್ಕಿಸಿದರೆ ಮೆನುವಿನಲ್ಲಿ ಅದರ ಹೆಸರೇ ಇಲ್ಲ. ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು. ಯಾವುದಕ್ಕೂ ‘ಏನೂ ಆಗಲ್ಲ ಅಕ್ಕ’ ಎಂದೇ ಮಾತು ಶುರುಮಾಡುವ ಆಸಾಮಿ ಅವನು. ಮೆನು ಅನ್ನುವುದು ಒಂದು ಬರಹದ ಕಡತ, ಪ್ರತಿ ಡಿಸ್ಕಿಗೂ ಅದರದ್ದೇ ಆದ ಉದ್ದನೆಯ ಸಂಖ್ಯೆ ಇರುತ್ತದೆ, ಆ ಸಂಖ್ಯೆಯ ಎದುರು ಹೆಸರು ಬರೆದರೆ ಆಯಿತು ಎಂದು ಹೇಳಿ, ಕಡತ ತೆರೆಯುವ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳಿಕೊಟ್ಟ. ಅವಳು ಕನ್ನಡಕ ಏರಿಸಿ ಓದುತ್ತ ಹೋದಳು. ಮದುವೆ ಒಂದು. ಮದುವೆ ಎರಡು. ಶಾಲೆ. ಕೊನೆಯ ಸಾಲಿನಲ್ಲಿ, ‘ಚಿಕ್ಕವಳು’.

ಆ ಕಡೆಯಿಂದ ರಿಪೇರಿಯವನು ‘ಅಕ್ಕಾ, ಇದೀರಾ?’ ಎಂದು ಎರಡು ಸಲ ಕೇಳಿದ.

ಚಿಕ್ಕವಳು ಎಂದರೆ ಅವರ ಎರಡನೆಯ ಮಗಳು. ಹದಿನಾಲ್ಕು ವರ್ಷದ ಹಿಂದೆ, ಐದು ವರ್ಷದವಳಿದ್ದಾಗ, ಜ್ವರ ತಲೆಗೇರಿ ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಆಸ್ಪತ್ರೆಯಿಂದ ಬಂದ ಮರುದಿನ ಅವಳು ಗಂಡನಿಗೆ ಹೇಳಿದ್ದಳು, ಮಗುವಿನ ಒಂದು ಫೋಟೊವೂ ಇರಕೂಡದು, ಮನೆಯಲ್ಲೂ ಬೇಡ, ಅಂಗಡಿಯಲ್ಲೂ ಬೇಡ, ಕಣ್ಣಿಗೆ ಬಿದ್ದರೆ ನಾನು ಉಳಿಯುವುದಿಲ್ಲ ಎಂದು. ಗಂಡ ತಲೆಯಾಡಿಸಿದ. ವಾರದೊಳಗೆ ಗೋಡೆ ಬೋಳಾಯಿತು. ಎಲ್ಲ ಹೋಯಿತೇ ಎಂದು ಒಮ್ಮೆ ಕೇಳಿದ್ದಳು. ‘ಹೋಯ್ತು’ ಎಂದಿದ್ದ. ಆಮೇಲೆ ಆ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಹೊಸ ಡಿಸ್ಕಿನ ಹೆಸರನ್ನು ಅದರ ಮೇಲಿನ ಸಾಲಿನಲ್ಲಿ ಬರೆದಳು, ಆ ಸಾಲನ್ನು ಅಳಿಸಲು ಬೆರಳು ಏಳಲಿಲ್ಲ. ಈ ಹೆಸರು ಇಷ್ಟು ವರ್ಷ ಯಾಕೆ ಕಾಣಲಿಲ್ಲ ಎಂದು ರಿಪೇರಿಯವನನ್ನು ಕೇಳಿದಳು. ಸಿಕ್ಕಿಸದ ಡಿಸ್ಕಿನ ಹೆಸರು ಮರೆಯಾಗಿರಲಿ ಎಂದು ನಿಮ್ಮ ಯಜಮಾನರು ಬರೆದಿದ್ದಾರೆ, ಬೇಕಾದರೆ ಅದನ್ನು ಬದಲಿಸಬಹುದು, ಆಗ ಇಲ್ಲದ ಡಿಸ್ಕಿನ ಹೆಸರೂ ಮಸುಕಾಗಿ ಕಾಣುತ್ತದೆ ಎಂದ. ಬದಲಿಸಿದಳು.

ಅಂದಿನಿಂದ ಬಲಗುಂಡಿ ಒತ್ತಿದಾಗಲೆಲ್ಲ ಮಗು ಮೆನುವಿನ ತಳದಲ್ಲಿ ನಿಂತಿರುತ್ತಿತ್ತು, ಬೂದಿಯ ಬಣ್ಣದಲ್ಲಿ. ಹೆಸರನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಗಿರಾಕಿಗೆ ‘ಗಲ್ಲ ಸ್ವಲ್ಪ ಎತ್ತಿ’ ಎನ್ನುವಾಗ ಬೆನ್ನ ಹಿಂದೆ ಪರದೆ ಇದೆ ಎನ್ನುವುದೇ ಅವಳಿಗೆ ಭಾರವಾಗತೊಡಗಿತು. ದೀಪಗಳ ಪೆಟ್ಟಿಗೆ, ಬಣ್ಣದ ಪರದೆಗಳ ಸುರುಳಿ, ಹಾಳಾದ ಪ್ರಿಂಟರಿನ ಹೊಟ್ಟೆ, ಎಲ್ಲ ಕಡೆ ಹುಡುಕಿದಳು. ಡಿಸ್ಕು ಸಿಗಲಿಲ್ಲ.

ಮತ್ತೊಮ್ಮೆ ಫೋನು ಮಾಡಿದಾಗ ರಿಪೇರಿಯವನು ಇನ್ನೊಂದು ಸಂಗತಿ ತಿಳಿಸಿದ. ಗಿರಾಕಿಗಳ ಡಿಸ್ಕು ಹೆಚ್ಚುಕಡಿಮೆಯಾದರೆ ಮಾತಿಗೆ ಆಧಾರವಿರಲಿ ಎಂದು, ಯಾವ ಡಿಸ್ಕು ಯಾವ ದಿನ ಎಷ್ಟು ಹೊತ್ತಿಗೆ ತೆರೆಯಿತು ಎನ್ನುವುದು ತಾನಾಗಿ ದಾಖಲಾಗುವಂತೆ ಗಂಡ ಮಾಡಿಟ್ಟಿದ್ದನಂತೆ. ಅವಳು ಆ ಪಟ್ಟಿ ತೆರೆದಳು. ಚಿಕ್ಕವಳು, ಬುಧವಾರ, ಮಧ್ಯಾಹ್ನ ಎರಡು ಹತ್ತು. ಚಿಕ್ಕವಳು, ಬುಧವಾರ, ಎರಡು ಹನ್ನೆರಡು. ಪುಟದ ಮೇಲೆ ಪುಟ, ವರ್ಷದ ಮೇಲೆ ವರ್ಷ. ಅವಳು ಊಟಕ್ಕೆ ಮನೆಗೆ ಹೋಗುತ್ತಿದ್ದ ಹೊತ್ತು ಅದು. ಬುಧವಾರ ಮಾತ್ರ ಗಂಡ ಅಂಗಡಿಯಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದ, ಕೆಲಸ ಜಾಸ್ತಿ ಎನ್ನುತ್ತಿದ್ದ.

ಪಟ್ಟಿಯ ಕೊನೆಗೆ ಬಂದಳು. ಅವನು ಸತ್ತ ಮೇಲೂ ಬುಧವಾರಗಳಿದ್ದವು. ಕೊನೆಯದು ಕಳೆದ ವಾರದ್ದು, ಎರಡು ಹತ್ತು. ಆಗ ಅವಳು ಷಟರು ಎಳೆದು ಬೀಗ ಹಾಕಿ ಮನೆಯಲ್ಲಿದ್ದಳು. ಗಂಡನ ಕುರ್ಚಿಯ ಕಡೆ ತಿರುಗಿ ನೋಡಿದಳು. ಅದರ ದಿಂಬು ಈಗಷ್ಟೇ ಯಾರೋ ಎದ್ದು ಹೋದಂತೆ ತಗ್ಗಾಗಿತ್ತು. ಎಷ್ಟೋ ವರ್ಷದಿಂದ ಅದು ಹಾಗೇ ಇತ್ತೆಂದು ಗೊತ್ತಿದ್ದೂ, ಅಂದು ಆ ಕುರ್ಚಿಯಲ್ಲಿ ಕೂರಲಿಲ್ಲ.

ಮುಂದಿನ ಬುಧವಾರ ಊಟಕ್ಕೆಂದು ಹೊರಟವಳು ಎದುರಿನ ಟೈಲರ್ ಅಂಗಡಿಯ ಬೆಂಚಿನಲ್ಲಿ ಕುಳಿತಳು. ಎರಡು ಗಂಟೆಗೆ ಸರಿಯಾಗಿ ಬಂದದ್ದು ದೊಡ್ಡ ಮಗಳು. ಎರಡು ಬೀದಿ ಆಚೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಅಪ್ಪನ ಬೀಗದ ಕೈ ತೆಗೆದು ಷಟರು ಅರ್ಧ ಎತ್ತಿ, ಬಗ್ಗಿ ಒಳಗೆ ಹೋದಳು.

ತಾಯಿ ಹಿಂದೆಯೇ ಹೋಗಿ ನಿಂತಾಗ ಮೆನು ಬಿಚ್ಚಿಕೊಂಡಿತ್ತು. ಪಕ್ಕದಲ್ಲಿ ಡಿಸ್ಕು ಸಿಕ್ಕಿಸಿತ್ತು, ತಳದ ಸಾಲು ಅಚ್ಚ ಕಪ್ಪಾಗಿತ್ತು. ಮಗಳು ಬೆಚ್ಚಿಬಿದ್ದಳು, ಆದರೆ ಏನನ್ನೂ ಮುಚ್ಚಿಡಲು ಹೋಗಲಿಲ್ಲ.

‘ಅಪ್ಪ ಆಸ್ಪತ್ರೆಲಿದ್ದಾಗ ಇದನ್ನ ಕೊಟ್ರು. ಆಗಾಗ ತೆರೀದಿದ್ರೆ ಡಿಸ್ಕು ತಿರುಗದೆ ಹಿಡ್ಕೊಂಡುಬಿಡುತ್ತೆ, ನೋಡ್ಕೋ ಅಂದ್ರು. ಅಮ್ಮಂಗೆ ಹೇಳ್ಬೇಡ ಅಂದ್ರು.’

‘ನಿಂಗೆ ಮೊದಲೇ ಗೊತ್ತಿತ್ತಾ?’

‘ಹದಿನೈದು ವರ್ಷದವಳಿದ್ದಾಗಿಂದ. ಒಂದಿನ ಶಾಲೆಯಿಂದ ಬೇಗ ಬಂದೆ. ಅಪ್ಪ ಇಲ್ಲೇ ಕೂತಿದ್ರು. ಬಾ, ಕೂತ್ಕೋ ಅಂದ್ರು, ಅಷ್ಟೇ.’ ಪರದೆಯ ಕಡೆ ತಿರುಗಿ ಮಗಳು ಹೇಳಿದಳು, ‘ನಂಗೂ ಅವಳು ತಂಗಿ ಅಲ್ವಾಮ್ಮ. ಮನೇಲಿ ಯಾರ ಹತ್ರ ಮಾತಾಡ್ಲಿ?’

ಹನ್ನೊಂದು ವರ್ಷದ ಆ ಹುಡುಗಿಯ ಬಾಯಿಗೂ ಅಂದು ತಾನೇ ಬೀಗ ಹಾಕಿದ್ದೆ ಎನ್ನುವುದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ. ಗಂಡನ ಕುರ್ಚಿ ಎಳೆದುಕೊಂಡು ಕೂತಳು. ಮೌಸಿಗೆ ಕೈ ಹಾಕಿ ತಾನೇ ಆ ಹೆಸರನ್ನು ಒತ್ತಿದಳು.

ಡಿಸ್ಕು ಟಿಕ್ ಟಿಕ್ ಎಂದು ಸ್ವಲ್ಪ ಹೊತ್ತು ಏದುಸಿರುಬಿಟ್ಟು ತೆರೆಯಿತು. ಇನ್ನೂರ ಹನ್ನೆರಡು ಫೋಟೊ. ಮೊದಲನೆಯದರಲ್ಲಿ ಮಗು ಇದೇ ಸ್ಟುಡಿಯೋದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತಿತ್ತು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಅವಳು ನೋಡಿದಳು, ನೋಡುತ್ತಲೇ ಇದ್ದಳು.

‘ಮಚ್ಚೆ ಈ ಕಡೆ ಇತ್ತಾ?’ ಎಂದಳು ಕೊನೆಗೆ.

ಮಚ್ಚೆ ಬಲಗೆನ್ನೆಯ ಮೇಲಿತ್ತು. ಹದಿನಾಲ್ಕು ವರ್ಷ ಅವಳ ಕನಸಿಗೆ ಬಂದು ಮಂಚದ ಕಾಲ ಬಳಿ ನಿಲ್ಲುತ್ತಿದ್ದ ಮಗುವಿಗೆ ಅದು ಎಡಗೆನ್ನೆಯಲ್ಲಿತ್ತು. ಮೂಗೂ ಬೇರೆ, ಕೂದಲೂ ಬೇರೆ. ಫೋಟೊದಲ್ಲಿ ಎಡಬಲ ತಿರುಗುಮುರುಗಾಗಿದೆಯೇನೋ ಎಂದು ಮಗಳು ಹತ್ತಾರು ಫೋಟೊ ತೆರೆದು ತೋರಿಸಿದಳು. ಎಲ್ಲದರಲ್ಲೂ ಬಲಗೆನ್ನೆಯೇ. ಅಂಗಡಿಯ ಬಾಗಿಲಲ್ಲಿ ಗಿರಾಕಿಯೊಬ್ಬರು ಬಂದು ಕಾದು ಹೊರಟುಹೋದರು. ಅವಳು ಇನ್ನೂರ ಹನ್ನೆರಡನ್ನೂ ನೋಡಿದಳು. ಅತ್ತಳು, ನಡುವೆ ಒಮ್ಮೆ ನಕ್ಕಳು ಕೂಡ.

ಡಿಸ್ಕು ಇನ್ನು ಬಹಳ ದಿನ ಬಾಳುವುದಿಲ್ಲ ಎಂದು ಆ ಟಿಕ್ ಟಿಕ್ ಶಬ್ದವೇ ಹೇಳುತ್ತಿತ್ತು. ಅದೇ ವಾರ ಇನ್ನೊಂದು ಡಿಸ್ಕು ತಂದು ಎಲ್ಲವನ್ನೂ ಅದಕ್ಕೆ ತುಂಬಿದರು. ಮಗಳು ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿದಳು, ಅವಳು ಮೆನುವಿನ ಕಡತದಲ್ಲಿ ಒಂದು ಬೆರಳಿನಿಂದ ಬರೆದಳು. ಎಲ್ಲೋ ಒಂದು ಎಂಟು ಮೂರಾಗಿ, ಮೆನು ಡಿಸ್ಕನ್ನು ಗುರುತಿಸಲಿಲ್ಲ. ತಿದ್ದಿದ ಮೇಲೆ ಸರಿಹೋಯಿತು.

ಈಗ ಬುಧವಾರ ತಾಯಿ ಮಗಳು ಅಂಗಡಿಯಲ್ಲೇ ಉಣ್ಣುತ್ತಾರೆ. ಕನಸಿಗೆ ಬರುತ್ತಿದ್ದ ಆ ಇನ್ನೊಂದು ಮಗು ಮಾತ್ರ ಮತ್ತೆ ಬಂದಿಲ್ಲ. ಅದು ಯಾರ ಮುಖ ಹೊತ್ತು ಇಷ್ಟು ವರ್ಷ ತನ್ನ ಮಂಚದ ಬಳಿ ನಿಂತಿತ್ತು, ಈಗ ಎಲ್ಲಿ ನಿಂತಿದೆ ಎಂದು ಅವಳು ಆಗಾಗ ಯೋಚಿಸುತ್ತಾಳೆ. ಮಗಳಿಗೆ ಅದನ್ನು ಹೇಳಿಲ್ಲ.