ಅಮ್ಮನಿಗೆ ಲೆಕ್ಕ ಬರಲ್ಲ

ಪಕ್ಕದ ಅಂಕಿಯಿಂದ ಕಡ ತಂದು ಕಳೆಯುವುದನ್ನು ದರ್ಜಿಯಮ್ಮ ಮಗಳಿಗೆ ಹೇಳಿಕೊಟ್ಟಿದ್ದೇ ತಪ್ಪಾಯಿತು. "ಈಗೆಲ್ಲ ಚೌಕ ಬರೆದು ಕಳೀಬೇಕು. ಹಳೇದು ತುಂಬಿ ಮಗು ತಲೆ ಕೆಡಿಸಬೇಡಿ," ಎಂದು ಟೀಚರು ಪಾಲಕರ ಸಭೆಯಲ್ಲಿ ಎಲ್ಲರೆದುರು ಅವಳ ಮಾನ ತೆಗೆದರು. ಹೊಸ ಪದ್ಧತಿಯನ್ನು ಹೆತ್ತವರಿಗೂ ಕಲಿಸೋಣವೆಂದು ಯಾರ ತಲೆಗೂ ಹೊಳೆಯಲಿಲ್ಲ.

ಅಂದಿನಿಂದ ಮಗಳು ಪುಸ್ತಕ ಹಿಡಿದು ಬಂದರೆ ದರ್ಜಿಯಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ನಂಗೆ ಲೆಕ್ಕ ಬರಲ್ಲ ಕಣೇ," ಎನ್ನುತ್ತಿದ್ದಳು. ಮಗಳು ನಂಬಿದಳು.

ನಿನ್ನೆ ಗಿರಾಕಿಯೊಬ್ಬಳು ಕೋಟು ಹೊಲಿಸಲೆಂದು ದುಬಾರಿ ಬಟ್ಟೆ ತಂದಳು. ದರ್ಜಿಯಮ್ಮ ಟೇಪು ಹಿಡಿದು ಎದ್ದಳು.

"ಬೇರೆಯವರ ಹತ್ರ ಹೊಲಿಸ್ಕೊಳ್ಳಿ ಆಂಟಿ," ಎಂದಳು ಮಗಳು, ಅಮ್ಮನ ಮಾನ ಕಾಯುವವಳ ಹಾಗೆ ಮೆಲ್ಲಗೆ. "ಪಾಪ, ನಮ್ಮಮ್ಮಂಗೆ ಲೆಕ್ಕ ಬರಲ್ಲ."

ಗಿರಾಕಿ ಬಟ್ಟೆಯನ್ನು ಚೀಲಕ್ಕೆ ತುರುಕಿದಳು. ಬರುತ್ತೆ ಎನ್ನಲು ಬಾಯಿ ತೆರೆದ ದರ್ಜಿಯಮ್ಮ, ಮಗಳ ಮುಖ ನೋಡಿ ಮುಚ್ಚಿಕೊಂಡಳು. ಇಷ್ಟು ದಿನ ಸುಳ್ಳು ಹೇಳಿದೆನೆಂದು ಆ ಮುಖಕ್ಕೆ ಹೇಗೆ ಹೇಳುವುದು?