ಶುಕ್ರವಾರದ ಕೋಳಿ ಸುಕ್ಕ

ಹತ್ತಿರ ಬನ್ನಿ, ಗೋಡೆಗೂ ಕೇಳಿಸಬಾರದು. ಮಗಳ ಬಾಣಂತನಕ್ಕೆ ಮಸ್ಕತ್ತಿನ ದಾರ್ಸೈಟಿಗೆ ಹೋಗಿದ್ದಾಗ, ಪಕ್ಕದ ಫ್ಲಾಟಿನ ಶಾರದಳ ಗಂಡನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿನಲ್ಲಿ ಯಾವುದೋ ಸಹೋದರ ಸಂಘ ಸೇರಿದವನಂತೆ. ಈಗ ಎರಡು ತಾಸು ದೂರದ ಸೊಹಾರ್ ಊರಿನಲ್ಲಿರುವ ಅದರ ಶಾಖೆಯ ಹುಡುಗರಿಗೆಲ್ಲ ಬುದ್ಧಿ ಹೇಳುವ ದೊಡ್ಡಣ್ಣನಂತೆ! ಶುಕ್ರವಾರ ಬಂತೆಂದರೆ ತುಂಬುಬಸುರಿ ಶಾರದ ಬೆವರು ಸುರಿಸಿ ಕೋಳಿ ಸುಕ್ಕ ಮಾಡಬೇಕು, ಇವನು ಕಾರಿನಲ್ಲಿಟ್ಟು ಹೊರಡಬೇಕು.

"ಸಂಘವೂ ಇಲ್ಲ, ಮಣ್ಣೂ ಇಲ್ಲ. ಅಲ್ಲೊಬ್ಬಳು ಇದ್ದಾಳೆ" ಎಂದು ನಾಲ್ಕು ಮನೆಗೆ ಹೇಳಿದೆ. ಹೆಣ್ಣಿನ ಸಂಕಟ ನೋಡಿ ಸುಮ್ಮನಿರಲಿಕ್ಕಾಗ್ತದಾ?

ಮಾತು ಶಾರದಳ ಕಿವಿಗೆ ಬಿತ್ತು. ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ನಿಮ್ಮ ಅಳಿಯನೂ ಆ ಸಂಘದವನೇ. ಸೊಹಾರಿನಲ್ಲಿದ್ದಾಗ ವೀಸಾ ಕೊಟ್ಟ ಧಣಿ, ಆ ಕಫೀಲ್, ಅವನನ್ನು ಊರಿಗಟ್ಟಲು ಹೊರಟಿದ್ದ. ಕೈಕಾಲು ಹಿಡಿದು ಉಳಿಸಿದವರು ನನ್ನ ಗಂಡ. ಆಗ ನನ್ನ ಸುಕ್ಕ ತಿಂದ ಆ 'ಒಬ್ಬಳು' ಯಾರು ಗೊತ್ತುಂಟಾ? ನಿಮ್ಮ ಮಗಳು!"